ಶಾಂತಮಲ್ಲಮ್ಮನವರ ಚೀಸ್ ಬಿಸ್ಕತ್ತು

ಗೂಡಲೂರಿನ ಮೇಲಿದ್ದ ಟೀ ತೋಟದ ಇಂಗ್ಲಿಷ್ ದೊರೆ ತೋಟ ಮಾರಿ ತನ್ನ ಸೀಮೆಗೆ ಹೊರಟುಹೋದದ್ದು ಸಾವಿರದ ಒಂಬೈನೂರ ಐವತ್ತೈದರ ಬೇಸಿಗೆಯಲ್ಲಿ. ಆ ಬಂಗಲೆಯ ಅಡುಗೆಮನೆಯಲ್ಲಿ ಹದಿನಾರು ವರ್ಷ ದುಡಿದಿದ್ದ ಮರಿತಾಯಮ್ಮ ಗುಂಡ್ಲುಪೇಟೆಯ ತನ್ನ ಕೇರಿಗೆ ವಾಪಸ್ಸು ಬಂದಳು. ಬರುವಾಗ ಅವಳ ತಲೆಯ ಮೇಲೆ ಒಂದು ತಗಡಿನ ಪೆಟ್ಟಿಗೆ ಇತ್ತು. ಮುಂದಕ್ಕೆ ತೆರೆಯುವ ಬಾಗಿಲು, ಒಳಗೆ ಎರಡು ಅಂತಸ್ತು. ಇದ್ದಿಲ ಒಲೆಯ ಮೇಲಿಟ್ಟು, ಪೆಟ್ಟಿಗೆಯ ತಲೆಯ ಮೇಲೂ ಒಂದಿಷ್ಟು ಕೆಂಡ ಹರಡಿದರೆ ಒಳಗಿಟ್ಟದ್ದು ಹದವಾಗಿ ಬೇಯುತ್ತಿತ್ತು. ಹೊರಡುವಾಗ ದೊರೆಸಾನಿ ಅವಳಿಗೆ ಕೊಟ್ಟುಹೋದದ್ದು ಅದೊಂದನ್ನೇ, ಜೊತೆಗೆ ನಕ್ಷತ್ರದ್ದು ಒಂದು, ಅರ್ಧಚಂದ್ರದ್ದು ಒಂದು ಹಿತ್ತಾಳೆಯ ಅಚ್ಚು.

ದೊರೆಸಾನಿ ಪ್ರತಿ ಕ್ರಿಸ್‌ಮಸ್ಸಿಗೆ ಸುತ್ತಲ ಬಂಗಲೆಗಳಿಗೆಲ್ಲ ಚೀಸ್ ಬಿಸ್ಕತ್ತಿನ ಡಬ್ಬ ಕಳಿಸುತ್ತಿದ್ದಳು. ಖಾರದ್ದು ಅರ್ಧ, ಸಿಹಿಯದು ಅರ್ಧ. ಖಾರದ್ದಕ್ಕೆ ಮೆಣಸು, ಒಣಮೆಣಸಿನಕಾಯಿ ಪುಡಿ. ಸಿಹಿಯದಕ್ಕೆ ಸಕ್ಕರೆ, ಏಲಕ್ಕಿ. ಮೊದಮೊದಲು ಅವಳೇ ಮಾಡುತ್ತಿದ್ದಳು. ಆಮೇಲೆ ಬೆರಳಿನ ಗೆಣ್ಣುಗಳಿಗೆಲ್ಲ ನೋವು ಬಂತು. ಕೊನೆಯ ಹತ್ತು ವರ್ಷ ಮಾಡಿದ್ದೆಲ್ಲ ಮರಿತಾಯಮ್ಮನೇ. ಡಬ್ಬದ ಮೇಲೆ ಮಾತ್ರ ದೊರೆಸಾನಿಯ ಹೆಸರಿನ ಚೀಟಿ ಇರುತ್ತಿತ್ತು. ಅದರಲ್ಲಿ ಮರಿತಾಯಮ್ಮನಿಗೆ ತಪ್ಪೇನೂ ಕಂಡಿರಲಿಲ್ಲ.

ಊರಿಗೆ ಬಂದ ಮೇಲೆ ಅವಳು ಮಂಡಿ ವೃಷಭೇಂದ್ರಪ್ಪನವರ ಮನೆಯ ಹಿತ್ತಲ ಕೆಲಸಕ್ಕೆ ಸೇರಿದಳು. ಗಂಡ ಕೆಂಪಯ್ಯ ಮೊದಲಿಂದಲೂ ಆ ಮನೆಯ ಹೊಲದಲ್ಲೇ ಇದ್ದವನು. ಇವಳ ಕೆಲಸ ಕೊಟ್ಟಿಗೆ ಬಳಿಯುವುದು, ಬೆರಣಿ ತಟ್ಟುವುದು, ಅಂಗಳದಲ್ಲಿ ರಾಗಿ ಕೇರುವುದು. ಹಿತ್ತಲ ಬಾಗಿಲ ಹೊಸ್ತಿಲು ಅವಳ ಎಲ್ಲೆ. ವೃಷಭೇಂದ್ರಪ್ಪನವರ ಹೆಂಡತಿ ಶಾಂತಮಲ್ಲಮ್ಮ ಒಳ್ಳೆಯ ಹೆಂಗಸು. ಮಧ್ಯಾಹ್ನದ ಹೊತ್ತು ಹೊಸ್ತಿಲ ಒಳಗೆ ಕೂತು, ಹೊರಗೆ ಕೂತ ಮರಿತಾಯಮ್ಮನ ಕೈಲಿ ಬಂಗಲೆಯ ಕತೆ ಹೇಳಿಸಿಕೊಳ್ಳುತ್ತಿದ್ದರು. ಚೀಸಿನ ಕತೆಯೂ ಹಾಗೇ ಬಂತು.

"ಹಾಲಿಂದೇ ಕಣ್ರವ್ವ. ಹಾಲು ಒಡಸಿ, ಗಟ್ಟಿ ಮಾಡಿ, ತಿಂಗಳಾನುಗಟ್ಲೆ ಮಡಗ್ತರೆ."

"ಥೂ, ಹಳಸೋಗಲ್ವೇನೆ?"

"ಹಳಸಲ್ಲ. ಬರಿದೆ ತಿಂದ್ರೆ ಒಂದು ತರ ಇರ್ತದೆ. ಬೆಣ್ಣೆ ಜತೆ ಕಲಸಿ ಬೇಯ್ಸುದ್ರೆ ನಾಲ್ಗೆ ಮ್ಯಾಲೆ ಇಟ್ಟೇಟ್ಗೆ ಕರಗೋಯ್ತದೆ."

ಆ ವರ್ಷವೇ ಶಾಂತಮಲ್ಲಮ್ಮನ ಒಬ್ಬಳೇ ಮಗಳು ಪುಟ್ಟಬಸಮ್ಮನನ್ನು ಚಾಮರಾಜನಗರಕ್ಕೆ ಕೊಟ್ಟಿದ್ದರು. ಅಳಿಯ ಚಿಕ್ಕಮಲ್ಲಪ್ಪನ ಮನೆಯವರದು ರೇಷ್ಮೆಗೂಡಿನ ವ್ಯಾಪಾರ, ಮೈಸೂರಿನ ದೊಡ್ಡವರ ಒಡನಾಟ. ದೀಪಾವಳಿ ಹತ್ತಿರ ಬಂತು. ಮೊದಲ ಹಬ್ಬಕ್ಕೆ ಅಳಿಯನ ಜೊತೆ ಬೀಗರು ಹನ್ನೊಂದು ಜನ ಬರುವವರಿದ್ದರು. ಹೋಳಿಗೆ, ಚಿರೋಟಿ, ಕೋಡುಬಳೆ ಎಲ್ಲರ ಮನೆಯಲ್ಲೂ ಇದ್ದದ್ದೇ. ಮದುವೆಯ ಊಟದಲ್ಲಿ ಬೀಗತಿ ದೊಡ್ಡಮಲ್ಲಮ್ಮ "ನಿಮ್ಮ ಕಡೆ ಇಷ್ಟೇನೋ" ಅಂದ ಒಂದು ಮಾತು ಶಾಂತಮಲ್ಲಮ್ಮನ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದುಬಿಟ್ಟಿತ್ತು.

"ಮರಿತಾಯಿ, ಆ ಬಿಸ್ಕತ್ತು ನಂಗೆ ಕಲಿಸ್ಕೊಡ್ತೀಯೇನೆ? ನಾನೇ ಮಾಡ್ತೀನಿ. ನೀನು ಬಾಯಲ್ಲಿ ಹೇಳು ಸಾಕು."

ಮರಿತಾಯಮ್ಮ ಹಿಗ್ಗಿಹೋದಳು. ಕೇರಿಗೆ ಓಡಿಹೋಗಿ ಅಚ್ಚುಗಳ ಸಮೇತ ಪೆಟ್ಟಿಗೆ ತಂದು ಹಿತ್ತಲಲ್ಲಿ ಇಳಿಸಿದಳು. ಶಾಂತಮಲ್ಲಮ್ಮ ದೂರದಿಂದಲೇ ನೋಡಿ ಕೇಳಿದರು:

"ಇದ್ರಲ್ಲಿ ಮಾಂಸ ಗೀಂಸ ಬೇಯ್ಸಿದ್ರಾ?"

"ಇಲ್ಲ ಕಣ್ರವ್ವ, ನನ್ನಾಣೆ. ಅದುಕ್ಕೆ ಬ್ಯಾರೆ ದೊಡ್ಡ ಒಲೆ ಇತ್ತು. ಇದು ಬರೀ ಬಿಸ್ಕತ್ಗೇ ಮಡಗಿದ್ದದ್ದು."

ಹುಣಸೆಹಣ್ಣು, ಬೂದಿ ಹಾಕಿ ಮರಿತಾಯಮ್ಮ ಅದನ್ನು ಮೂರು ಸಲ ತಿಕ್ಕಿದಳು. ಆಮೇಲೆ ಶಾಂತಮಲ್ಲಮ್ಮ ನೀರು ಸುರಿದು, ಒಳಗೂ ಹೊರಗೂ ಬೆಂಕಿ ತೋರಿಸಿ, ಬಾಗಿಲಿಗೆ ವಿಭೂತಿ ಎಳೆದು ತಾವೇ ಎತ್ತಿ ಒಳಗಿಟ್ಟುಕೊಂಡರು. ಅಲ್ಲಿಗೆ ಪೆಟ್ಟಿಗೆ ಮಡಿಯಾಯಿತು. ಇನ್ನು ಅದನ್ನು ತಾನು ಮುಟ್ಟುವ ಹಾಗಿಲ್ಲ ಅನ್ನುವುದು ಮರಿತಾಯಮ್ಮನಿಗೆ ಆಗ ಹೊಳೆಯಿತು. ಸಾಯಂಕಾಲ ಕೆಂಪಯ್ಯನೇ ಕೇಳಿದ:

"ಪೆಟ್ಗೆ ವಾಪಸ್ ಕೊಡ್ತರಾ?"

"ಕೊಡ್ದೆ ಏನು."

"ಮಡಿ ಮಾಡ್ಕಂಡ್ಮೇಲೆ ಯಾರಮ್ಮಿ ನಮ್ ಕೇರಿಗೆ ಕಳಿಸ್ತರೆ? ಏನೋ ಕಾನೂನು ಬಂದದಂತೆ ಈಗ, ನಮ್ಮನ್ ಮುಟ್ಟುಸ್ಕೊಳ್ದಿದ್ರೆ ಜೈಲಂತೆ."

"ಕಾನೂನ್ಗೆ ಬಿಸ್ಕತ್ ಮಾಡಕ್ ಬಂದದಾ? ಸುಮ್ಕೆ ಉಣ್ಣು," ಅಂದಳು ಮರಿತಾಯಮ್ಮ.

ಚೀಸು ಊಟಿಯಿಂದ ಬಂತು. ವೃಷಭೇಂದ್ರಪ್ಪನವರು ಬಸ್ಸಿನ ಡ್ರೈವರಿಗೆ ಹೇಳಿ ಒಂದೇ ಒಂದು ದೊಡ್ಡ ಡಬ್ಬ ತರಿಸಿದ್ದರು. ಬೀಗರು ಬರುವ ಹಿಂದಿನ ದಿನ ಬೆಳಿಗ್ಗೆ, ಗಂಡಸರೆಲ್ಲ ಮಂಡಿಗೆ ಹೋದ ಮೇಲೆ, ಶಾಂತಮಲ್ಲಮ್ಮ ಹಿತ್ತಲ ಜಗಲಿಯ ಮೇಲೆ ಹಿತ್ತಾಳೆಯ ಪರಾತ ಇಟ್ಟುಕೊಂಡು ಕೂತರು. ಮರಿತಾಯಮ್ಮ ಕೆಳಗೆ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ.

ಚೀಸು ತುರಿದದ್ದಾಯಿತು. ಮೈದಾ ಜರಡಿ ಹಿಡಿದದ್ದಾಯಿತು. ಬೆಣ್ಣೆ ಹಾಕಿದ ಮೇಲೆ ತೊಂದರೆ ಶುರುವಾಯಿತು.

"ಬೆರಳ ತುದೀಲಿ ಅವ್ನೋರೆ. ಅಂಗೈ ತಾಗಿಸ್ಬ್ಯಾಡಿ. ಅಂಗೈ ಬಿಸಿ ತಗುಲುದ್ರೆ ಬೆಣ್ಣೆ ಕರಗೋಯ್ತದೆ."

"ತುದೀಲೇ ಮಾಡ್ತಿದೀನಲ್ಲೆ!"

"ಇಂಗಲ್ಲ, ಇಂಗೆ..." ಮರಿತಾಯಮ್ಮ ಗಾಳಿಯಲ್ಲಿ ಬೆರಳಾಡಿಸಿ ತೋರಿಸಿದಳು. "ಉದುರುಸ್ದಂಗೆ. ಮರಳು ಉದುರುಸ್ತರಲ್ಲ, ಅಂಗೆ."

ಶಾಂತಮಲ್ಲಮ್ಮ ನಲವತ್ತು ವರ್ಷ ಹೋಳಿಗೆಯ ಕಣಕ ನಾದಿದವರು. ಅವರ ಕೈಗೆ ಗೊತ್ತಿದ್ದದ್ದು ಒತ್ತುವುದು, ಎಳೆಯುವುದು. ಒತ್ತಿದಷ್ಟೂ ಬೆಣ್ಣೆ ಕರಗಿತು, ಹಿಟ್ಟು ಎಣ್ಣೆ ಬಿಟ್ಟುಕೊಂಡಿತು. ಪರಾತವನ್ನು ತಣ್ಣೀರಿನ ಬಾನಿಯ ಮೇಲಿಟ್ಟು ನೋಡಿದರು. ಒಂದು ಉಂಡೆ ಲಟ್ಟಿಸಿದರು. ಅಚ್ಚಿನಲ್ಲಿ ಒತ್ತಿ ಎತ್ತಲು ಹೋದರೆ ನಕ್ಷತ್ರದ ಕೊಂಬೆಲ್ಲ ಮುರಿದು ಬಂತು. ಒಂದಿಷ್ಟನ್ನು ಹಾಗೇ ಬೇಯಿಸಿದರೆ ಚಪ್ಪಟೆಯಾಗಿ ಹರಡಿ, ಅಂಚೆಲ್ಲ ಕಪ್ಪಾಗಿ, ನಡುವೆ ಹಸಿಯಾಗಿ ಉಳಿಯಿತು. ಅರ್ಧ ಚೀಸು ಮುಗಿದಿತ್ತು.

ಶಾಂತಮಲ್ಲಮ್ಮ ಕೆಟ್ಟ ಹಿಟ್ಟನ್ನು ಪಕ್ಕಕ್ಕೆ ಬಳಿದಿಟ್ಟರು. ಮಗಳ ಮುಖ, ಬೀಗತಿಯ ಮುಖ ಎರಡೂ ಅವರ ಕಣ್ಣ ಮುಂದೆ ಬಂದಿರಬೇಕು. ಉಳಿದರ್ಧವನ್ನು ಪರಾತಕ್ಕೆ ಸುರಿದು, ಬೆಣ್ಣೆ ಹಾಕಿ, ಇನ್ನೇನು ಅಂಗೈಯಿಂದ ಒತ್ತಬೇಕು...

ಮರಿತಾಯಮ್ಮ ಎದ್ದು ಬಂದು ಪರಾತ ಎಳೆದುಕೊಂಡಳು.

ಹಾಗೆ ಮಾಡಬೇಕೆಂದು ಅವಳು ಎಣಿಸಿರಲಿಲ್ಲ. ಒಲೆಯ ಮೇಲೆ ಹಾಲು ಉಕ್ಕುವಾಗ ಯಾರ ಮನೆಯ ಹಾಲು ಎಂದು ನೋಡದೆ ಕೈ ಹೋಗುತ್ತದಲ್ಲ, ಹಾಗೆ ಹೋಯಿತು. ಕೈಬೆರಳು ಹಿಟ್ಟಿನೊಳಗೆ ಇಳಿದ ಮೇಲೆ ತಾನು ಎಲ್ಲಿದ್ದೇನೆ ಅನ್ನುವುದು ಅವಳಿಗೆ ಗೊತ್ತಾಯಿತು.

"ತೆಪ್ಪಾಯ್ತು ಅವ್ನೋರೆ," ಅಂದಳು. ಕೈ ಹಿಂದಕ್ಕೆ ತೆಗೆದುಕೊಳ್ಳುವುದಕ್ಕೂ ಆಗಲಿಲ್ಲ. ತೆಗೆದುಕೊಂಡರೆ ಏನು ಬಂತು? ಮುಟ್ಟಿದ್ದು ಮುಟ್ಟಿಯಾಗಿತ್ತು.

ಶಾಂತಮಲ್ಲಮ್ಮ ಪರಾತವನ್ನು ನೋಡಿದರು. ಹಿತ್ತಲ ಬಾಗಿಲನ್ನು ನೋಡಿದರು. ಯಾರೂ ಇರಲಿಲ್ಲ. ಊಟಿಯ ಬಸ್ಸು ಇನ್ನು ಬರುವುದು ನಾಳೆ ಮಧ್ಯಾಹ್ನ. ಅವರು ಜಗಲಿಯಿಂದ ನಿಧಾನವಾಗಿ ಎದ್ದರು.

"ನಾನು ದೇವರ ಮನೆಗೆ ಹೋಗಿ ಬರ್ತೀನಿ," ಅಂದರು. ಮರಿತಾಯಮ್ಮನ ಮುಖ ನೋಡದೆ, ಇನ್ನೂ ತಗ್ಗಿದ ದನಿಯಲ್ಲಿ ಹೇಳಿದರು, "ಬೇಗ ಮಾಡ್ಬುಡು."

ಮರಿತಾಯಮ್ಮ ಮಾಡಿದಳು. ಖಾರದ ನಕ್ಷತ್ರ, ಸಿಹಿಯ ಅರ್ಧಚಂದ್ರ. ಬಂಗಲೆ ಬಿಟ್ಟ ಮೇಲೆ ಆರು ತಿಂಗಳಿಗೆ ಮೊದಲ ಸಲ ಅವಳ ಬೆರಳು ಆ ಹಿಟ್ಟನ್ನು ಕಂಡಿತ್ತು. ಭಯದ ನಡುವೆಯೂ ಅವಳಿಗೆ ಸುಖವೇ ಆಯಿತು, ಸುಳ್ಳು ಹೇಳಬಾರದು. ಶಾಂತಮಲ್ಲಮ್ಮ ಬರುವ ಹೊತ್ತಿಗೆ ಮೊರದ ತುಂಬ ಹೊಂಬಣ್ಣದ ಬಿಸ್ಕತ್ತು ಆರುತ್ತಿತ್ತು. ಅವರು ಒಂದನ್ನೂ ಬಾಯಿಗೆ ಹಾಕಿಕೊಳ್ಳಲಿಲ್ಲ. ಎಲ್ಲವನ್ನೂ ಡಬ್ಬಕ್ಕೆ ತುಂಬಿದರು.

ಹಬ್ಬದಲ್ಲಿ ಆ ಬಿಸ್ಕತ್ತು ದೊಡ್ಡ ಸುದ್ದಿಯಾಯಿತು. ಬೀಗರ ಗಂಡಸರು ಕಾಫಿಯ ಜೊತೆ ಒಂದಾದ ಮೇಲೆ ಒಂದು ತಿಂದರು. ಬೀಗತಿ ದೊಡ್ಡಮಲ್ಲಮ್ಮ ಖಾರದ್ದೊಂದು, ಸಿಹಿಯದೊಂದು ತಿಂದು, ಮೂರನೆಯದನ್ನು ಕೈಯಲ್ಲಿ ಹಿಡಿದುಕೊಂಡು, "ಮೈಸೂರಲ್ಲಿ ಸಾಹೇಬರ ಮನೇಲೂ ತಿಂದಿವ್ನಿ. ಇದರ ಮುಂದೆ ಅದು ಏನೂ ಅಲ್ಲ. ಎಂಥ ಕೈಗುಣ ನಿಮ್ಮದು!" ಅಂದರು. ಶಾಂತಮಲ್ಲಮ್ಮ ಸೆರಗು ಸರಿಮಾಡಿಕೊಂಡು ನಕ್ಕರು. ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದ ಮರಿತಾಯಮ್ಮನಿಗೆ ಮಾತೆಲ್ಲ ಕೇಳಿಸಿತು.

ಹೊರಡುವಾಗ ಬೀಗತಿ ಕೇಳಿಯೇ ಮೂರು ಚಿಕ್ಕ ಡಬ್ಬ ಕಟ್ಟಿಸಿಕೊಂಡರು. ಒಂದು ಮನೆಗೆ, ಒಂದು ಗೂಡಿನ ವ್ಯಾಪಾರದ ಪಾಲುದಾರರಿಗೆ. "ಇನ್ನೊಂದು ಮಠಕ್ಕೆ ಕಳಿಸ್ತೀನಿ. ಬರೀ ಹಾಲು ಬೆಣ್ಣೇದು ತಾನೆ? ಸ್ವಾಮಿಗಳಿಗೆ ಒಪ್ಪಿಸ್ಬೋದು," ಅಂದರು. ಶಾಂತಮಲ್ಲಮ್ಮ ಬೇಡ ಅನ್ನಬೇಕೆಂದುಕೊಂಡರು. ಬೇಡ ಅನ್ನಲು ಕಾರಣ ಬೇಕಲ್ಲ. ಯಾವ ಕಾರಣ ಹೇಳುವುದು? ಗಾಡಿ ಹೊರಟು ತಿರುವಿನಲ್ಲಿ ಮರೆಯಾಗುವ ತನಕ ಬಾಗಿಲಲ್ಲೇ ನಿಂತಿದ್ದರು.

ಸಂಕ್ರಾಂತಿಗೆ ಹತ್ತು ದಿನ ಇರುವಾಗ ಚಾಮರಾಜನಗರದಿಂದ ಕಾಗದ ಬಂತು. ಹಬ್ಬದ ಹಿಂದಿನ ದಿನ ರೇಷ್ಮೆ ಇಲಾಖೆಯ ದೊಡ್ಡ ಸಾಹೇಬರು ಹೆಂಡತಿಯ ಸಮೇತ ಊಟಕ್ಕೆ ಬರುತ್ತಾರೆ. ಪುಟ್ಟಬಸಮ್ಮನಿಂದ ಎರಡು ಸಲ ಮಾಡಿಸಿ ನೋಡಿದೆವು, ಬರಲಿಲ್ಲ. ಚೀಸು ನಾವೇ ತರಿಸಿದ್ದೇವೆ, ತಾವೇ ಪೆಟ್ಟಿಗೆಯೊಂದಿಗೆ ಬರಬೇಕು. ಹೇಗೆ ಮಾಡುತ್ತೀರೆಂದು ನಾನೂ ಪಕ್ಕದಲ್ಲಿ ಕೂತು ಕಲಿತುಕೊಳ್ಳುತ್ತೇನೆ, ಎಂದು ಬೀಗತಿ ಬರೆಸಿದ್ದರು.

ಶಾಂತಮಲ್ಲಮ್ಮ ಕಾಗದ ಹಿಡಿದುಕೊಂಡೇ ಹಿತ್ತಲಿಗೆ ಬಂದರು.

"ಏನ್ಮಾಡನ ಮರಿತಾಯಿ?"

"ಮೈಯಲ್ಲಿ ಉಸಾರಿಲ್ಲ ಅಂದ್ಬುಡಿ ಅವ್ನೋರೆ."

"ಅಂದ್ರೆ ಮಗಳ ಮೇಲೆ ತಿರುಗ್ತದೆ. ಈಗ್ಲೇ ಅವಳ್ನ, ಅವ್ವನ ಕೈಗುಣ ಮಗಳಿಗೆ ಬರ್ಲಿಲ್ಲ ಅಂತ ಆಡ್ತಾವ್ರಂತೆ."

ಮುಂದಿನ ಎಂಟು ದಿನವೂ ಶಾಂತಮಲ್ಲಮ್ಮ ಬೆಳಿಗ್ಗೆ ಬೆಳಿಗ್ಗೆ ಅಭ್ಯಾಸ ಮಾಡಿದರು. ಚೀಸು ಇರಲಿಲ್ಲ. ಬರೀ ಮೈದಾ, ಬೆಣ್ಣೆ. ಮರಿತಾಯಮ್ಮ ಕಲ್ಲಿನ ಹತ್ತಿರ ಕೂತು ತನಗೆ ಗೊತ್ತಿದ್ದ ಮಾತನ್ನೆಲ್ಲ ಹೇಳಿದಳು. ಉದುರಿಸಿ ಅಂದಳು, ಹಗುರ ಅಂದಳು, ಕಳಿತ ಹಣ್ಣು ಹಿಡಿದ ಹಾಗೆ ಅಂದಳು. ಆಮೇಲೆ ಹೇಳುವುದಕ್ಕೆ ಮಾತು ಉಳಿಯಲಿಲ್ಲ. ತನ್ನ ಬೆರಳಿಗೆ ಗೊತ್ತಿದ್ದದ್ದು ತನ್ನ ಬಾಯಿಗೂ ಗೊತ್ತಿಲ್ಲ ಅನ್ನುವುದು ಅವಳಿಗೇ ಆಗ ತಿಳಿಯಿತು.

ಕೊನೆಗೆ, "ಪೆಟ್ಟಿಗೆಗೆ ಕೆಂಡ ಹಾಕೋಕೆ ಪಳಗಿದ ಕೈ ಬೇಕು" ಅಂತ ನೆಪ ಹೇಳಿ ಅವಳನ್ನೂ ಜೊತೆಗೆ ಕರೆದುಕೊಂಡು ಹೊರಟರು. ಬಸ್ಸಿನಲ್ಲಿ ಶಾಂತಮಲ್ಲಮ್ಮ ಮುಂದೆ ಕೂತರು. ಮರಿತಾಯಮ್ಮ ಕೊನೆಯ ಸೀಟಿನ ಹತ್ತಿರ ನಿಂತಳು. ತೆರಕಣಾಂಬಿ ದಾಟುವವರೆಗೂ ಇಬ್ಬರೂ ಒಂದೇ ಯೋಚನೆ ಮಾಡುತ್ತಿದ್ದರು: ಐದು ನಿಮಿಷ, ಬರೀ ಐದು ನಿಮಿಷ ಯಾರೂ ಇಲ್ಲದ ಹೊತ್ತು ಸಿಕ್ಕಿದರೆ ಸಾಕು.

ಆ ಹೊತ್ತು ಸಿಗಲಿಲ್ಲ. ಚಾಮರಾಜನಗರದ ಮನೆಯ ಹಿತ್ತಲಲ್ಲಿ ದೊಡ್ಡಮಲ್ಲಮ್ಮ ಮಣೆ ಹಾಕಿಸಿಕೊಂಡು ಪರಾತಕ್ಕೆ ಮೊಳದ ದೂರದಲ್ಲಿ ಕೂತರು. ಓರಗಿತ್ತಿಯರು, ನಾದಿನಿಯರು, ಪಕ್ಕದ ಮನೆಯ ಇಬ್ಬರು ಸುತ್ತ ನೆರೆದರು. ಪುಟ್ಟಬಸಮ್ಮ ಅವ್ವನ ಬೆನ್ನ ಹಿಂದೆ ನಿಂತಿದ್ದಳು. ಮರಿತಾಯಮ್ಮನಿಗೆ ಬಾವಿಯ ಆಚೆ, ಹತ್ತು ಮಾರು ದೂರದಲ್ಲಿ ಕೆಂಡ ಮಾಡುವ ಜಾಗ ತೋರಿಸಿದರು. ಕೆಂಡವನ್ನು ತಗಡಿನ ಮೇಲೆ ಇಡುವುದು ಅಷ್ಟೇ ಅವಳ ಕೆಲಸ. ಅದನ್ನು ಒಯ್ಯಲು ಬೇರೆಯವರಿದ್ದರು.

ಶಾಂತಮಲ್ಲಮ್ಮ ಶುರು ಮಾಡಿದರು. ಎಂಟು ದಿನದ ಅಭ್ಯಾಸ ಅಷ್ಟು ಕಣ್ಣುಗಳ ಮುಂದೆ ನಿಲ್ಲಲಿಲ್ಲ. ಅಂಗೈ ಬೆವರಿತು. ಬೆಣ್ಣೆ ಕರಗಿತು. ಮರಿತಾಯಮ್ಮನಿಗೆ ಅಷ್ಟು ದೂರದಿಂದಲೂ ಹಿಟ್ಟಿನ ಹೊಳಪು ಕಂಡೇ ಗೊತ್ತಾಯಿತು. ಹಿಟ್ಟು ಕೂಡಿಕೊಳ್ಳದೆ ಬಿರಿಯತೊಡಗಿದಾಗ ಶಾಂತಮಲ್ಲಮ್ಮ ಗಾಬರಿಯಲ್ಲಿ ಚೊಂಬಿಗೆ ಕೈ ಹಾಕಿದರು.

"ನೀರು ಬ್ಯಾಡಿ ಅವ್ನೋರೆ! ಕಲ್ಲಾಗೋಯ್ತದೆ!"

ಎಲ್ಲರೂ ಬಾವಿಯ ಕಡೆ ತಿರುಗಿದರು. ಮರಿತಾಯಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ದೊಡ್ಡಮಲ್ಲಮ್ಮ ಅವಳನ್ನು ನೋಡಿದರು. ಆಮೇಲೆ ಶಾಂತಮಲ್ಲಮ್ಮನ ಕೈಯನ್ನು, ಪರಾತವನ್ನು ನೋಡಿದರು. ಆ ಹೆಂಗಸು ಹದಿನೆಂಟು ಜನರ ಸಂಸಾರ ನಡೆಸಿದವರು. ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೂ ಕೇಳಿದರು:

"ಏ, ಇಲ್ಲಿ ನೋಡು. ದೀಪಾವಳೀಲಿ ಆ ಬಿಸ್ಕತ್ತು ಮಾಡಿದ್ದು ಯಾರೆ?"

ಶಾಂತಮಲ್ಲಮ್ಮ ತಲೆ ಎತ್ತದೆ ಹಿಟ್ಟಿನಲ್ಲೇ ಕೈ ಇಟ್ಟುಕೊಂಡಿದ್ದರು. ಪುಟ್ಟಬಸಮ್ಮ ಮರಿತಾಯಮ್ಮನ ಬಾಯನ್ನೇ ನೋಡುತ್ತಿದ್ದಳು. ಆ ಹುಡುಗಿ ತೊಟ್ಟಿಲಲ್ಲಿದ್ದಾಗ ಮರಿತಾಯಮ್ಮ ಬಂಗಲೆಗೆ ಹೋದವಳು, ಈಗ ಅವಳ ಬಾಳು ತನ್ನ ಒಂದು ಮಾತಿನ ಮೇಲೆ ನಿಂತಿದೆ ಅನ್ನಿಸಿತು. ಬಂಗಲೆಯ ಹತ್ತು ವರ್ಷ ಡಬ್ಬದ ಮೇಲೆ ಹೆಸರಿಲ್ಲದಿದ್ದಕ್ಕೆ ಅವಳು ಬೇಸರಪಟ್ಟವಳಲ್ಲ. ಆದರೆ ನಾನು ಮಾಡಿದ್ದಲ್ಲ ಅಂತ ಬಾಯಿಬಿಟ್ಟು ಹೇಳುವ ಗಳಿಗೆ ಅಲ್ಲಿ ಯಾವತ್ತೂ ಬಂದಿರಲಿಲ್ಲ.

"ಅವ್ನೋರೆ ಮಾಡಿದ್ದು," ಅಂದಳು. "ನಾನು ಬೆಂಕಿ ಆಕ್ದೋಳು, ಅಷ್ಟೆಯ."

"ಮತ್ತೆ ನೀರು ಹಾಕ್ಬಾರ್ದು ಅಂತ ನಿಂಗೆ ಹೆಂಗೆ ಗೊತ್ತು?"

"ದೂರದಲ್ಲಿ ಕುಂತು ನೋಡಿದ್ನಲ್ಲ ಅಮ್ಮಾರೆ."

ದೊಡ್ಡಮಲ್ಲಮ್ಮ ಮತ್ತೆ ಕೇಳಲಿಲ್ಲ. ಕೇಳಿದರೆ ಬರಬಹುದಾದ ಉತ್ತರ ಅವರಿಗೂ ಬೇಡವಾಗಿತ್ತು. ಆ ಬಿಸ್ಕತ್ತನ್ನು ಅವರು ತಿಂದಿದ್ದರು, ಗಂಡ ಮಕ್ಕಳಿಗೆ ತಿನ್ನಿಸಿದ್ದರು, ಪಾಲುದಾರರಿಗೆ ಹಂಚಿದ್ದರು. ಒಂದು ಡಬ್ಬ ಮಠಕ್ಕೆ ಹೋಗಿತ್ತು, ಅಲ್ಲಿಂದ ಪ್ರಸಾದವೂ ಬಂದಿತ್ತು. ನಿಜ ಹೊರಬಿದ್ದರೆ ಮೊದಲು ಮುಖ ಮುಚ್ಚಿಕೊಳ್ಳಬೇಕಾದವರು ಅವರೇ.

"ಕೈಗುಣ ದಿನಾ ಒಂದೇ ಥರ ಇರಲ್ಲ ಬಿಡಿ," ಅಂದರು ಎದ್ದು ನಿಂತು. ಸೊಸೆಯ ಕಡೆ ತಿರುಗಿ, "ಸಾಹೇಬರಿಗೆ ಚಕ್ಲಿ, ರವೆಉಂಡೆ ಇಡ್ಸು. ಇದನ್ನ ಎತ್ತಿಟ್ಬುಡು," ಅಂದರು.

ಹಿಟ್ಟನ್ನು ಎಮ್ಮೆಯ ಕಲಗಚ್ಚಿಗೆ ಸುರಿದರು. ಸಾಹೇಬರು ಬಂದು ಉಂಡು ಹೋದರು. ಯಾರೂ ಯಾರನ್ನೂ ಬೈಯಲಿಲ್ಲ. ಮಾರನೆಯ ದಿನ ಎಳ್ಳುಬೆಲ್ಲ ಹಂಚುವಾಗ ಶಾಂತಮಲ್ಲಮ್ಮ ಗುಂಡ್ಲುಪೇಟೆಯಿಂದ ತಂದಿದ್ದ ಸಕ್ಕರೆ ಅಚ್ಚುಗಳ ತಟ್ಟೆ ಇಟ್ಟಲ್ಲೇ ಇತ್ತು. ಒಬ್ಬರೂ ಒಂದನ್ನೂ ಎತ್ತಿಕೊಳ್ಳಲಿಲ್ಲ. ಹೊರಡುವಾಗ ಪೆಟ್ಟಿಗೆಯನ್ನು ಕೇಳುವ ಧೈರ್ಯ ಶಾಂತಮಲ್ಲಮ್ಮನಿಗೆ ಬರಲಿಲ್ಲ. ಅದು ಬಾವಿಯ ಪಕ್ಕದಲ್ಲಿ ಬಾಗಿಲು ತೆರೆದುಕೊಂಡು ಬಿದ್ದಿತ್ತು. ಮರಿತಾಯಮ್ಮ ಅದನ್ನು ದಾಟಿಕೊಂಡೇ ಬಂದಳು.

ಅದಾಗಿ ಒಂದು ತಿಂಗಳಿಗೆ ಪುಟ್ಟಬಸಮ್ಮ ಗುಂಡ್ಲುಪೇಟೆಗೆ ಬಂದಾಗ ತಾಯಿಗೆ ವಿಷಯ ತಿಳಿಯಿತು. ಅತ್ತೆ ಅವಳನ್ನು ಒಲೆಯ ಮುಂದೆ ಕೂರಿಸುವುದಿಲ್ಲ. ದೇವರ ಮನೆಯ ಕೆಲಸ ಕೊಡುವುದಿಲ್ಲ. ಕೊಡದಿರಲು ಕಾರಣವನ್ನೂ ಹೇಳುವುದಿಲ್ಲ. "ನೀನು ಸುಮ್ಮನೆ ಕೂತ್ಕೊ ಮಗ" ಅಂತ ಮೆತ್ತಗೆ ಅನ್ನುತ್ತಾರೆ, ಅಷ್ಟೆ. ಗಂಡನ ಹತ್ತಿರ ಹೇಳಿಕೊಂಡರೆ, ಕೆಲಸ ಕಮ್ಮಿ ಆದದ್ದೂ ಒಂದು ದೂರಾ ಅಂತ ಅವನು ನಗುತ್ತಾನೆ. ಹೇಳುತ್ತಾ ಹೇಳುತ್ತಾ ಹುಡುಗಿ ಅತ್ತಳು. ಶಾಂತಮಲ್ಲಮ್ಮ ಮಗಳ ತಲೆ ಸವರಿದರು.

ಮಗಳು ವಾಪಸ್ಸು ಹೋದ ದಿನ ಮಧ್ಯಾಹ್ನ ಅವರು ಹಿತ್ತಲ ಹೊಸ್ತಿಲಿಗೆ ಬಂದರು. ಕೂರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತೇ ಹೇಳಿದರು:

"ಮರಿತಾಯಿ, ನಾಳೆಯಿಂದ ನೀನು ಬರಬ್ಯಾಡ ಕಣೆ."

ಮರಿತಾಯಮ್ಮ ಮೊರ ಕೆಳಗಿಟ್ಟಳು.

"ನಾನೇನ್ ತೆಪ್ ಮಾಡ್ದೆ ಅವ್ನೋರೆ? ನೀವೇ ಮಾಡಿದ್ದು ಅಂತ್ಲೇ ಯೋಳಿದ್ನಲ್ಲ."

"ನಿಂದೇನೂ ತಪ್ಪಿಲ್ಲ. ನಿನ್ನ ಕಂಡಾಗೆಲ್ಲ ನಂಗೆ ಅನ್ನ ಸೇರಲ್ಲ. ನಾನೇನು ಮಾಡ್ಲಿ ಹೇಳು."

ಮರಿತಾಯಮ್ಮ ಕೇರದೆ ಉಳಿದಿದ್ದ ರಾಗಿಯನ್ನು ಮುಗಿಸಿ, ಕಲ್ಲು ಹೊಟ್ಟು ಬೇರೆ ಮಾಡಿಟ್ಟು, ಎದ್ದಳು. ಪೆಟ್ಟಿಗೆಯ ಮಾತು ನಾಲಿಗೆಯ ತುದಿಗೆ ಬಂದಿತ್ತು. ಶಾಂತಮಲ್ಲಮ್ಮನ ಕಣ್ಣು ನೋಡಿ ನುಂಗಿಕೊಂಡಳು.

ಆಮೇಲೆ ಅವಳು ಭೀಮನಬೀಡಿನ ಕಡೆ ಹೊಲದ ಕೂಲಿಗೆ ಹೋಗತೊಡಗಿದಳು. ಕೇರಿಯ ಹೆಂಗಸರು ಒಂದೆರಡು ಸಲ "ಬಿಸ್ಕತ್ ಮಾಡ್ಕೊಡಮ್ಮಿ" ಅಂತ ಕೇಳಿದರು. ಹೆಂಚಿನ ಮೇಲೆ ತಟ್ಟಿ ನೋಡಿದಳು, ತಳ ಸೀದಿತು. ಮತ್ತೆ ಆ ಕೆಲಸಕ್ಕೆ ಕೈ ಹಾಕಲಿಲ್ಲ.

ಮುಂದಿನ ಆಷಾಢದಲ್ಲಿ ಒಂದು ದಿನ ಕೂಲಿಗೆ ಹೊರಟವಳು ತೆರಕಣಾಂಬಿಯ ರಸ್ತೆ ದಾಟಲು ನಿಂತಿದ್ದಳು. ಚಾಮರಾಜನಗರದ ಬಸ್ಸು ಬಂತು. ಕಿಟಕಿಯ ಪಕ್ಕದಲ್ಲಿ ಪುಟ್ಟಬಸಮ್ಮ ಕೂತಿದ್ದಳು, ಕೈತುಂಬ ಹಸಿರು ಬಳೆ. ಬಸುರಿ ಮಗಳು ತೌರಿಗೆ ಬರುತ್ತಿದ್ದಾಳೆ ಅಂತ ನೋಡಿದವರಿಗೆ ತಿಳಿಯುವ ಹಾಗಿತ್ತು. ಅವಳೂ ಮರಿತಾಯಮ್ಮನನ್ನು ಕಂಡಳು. ತಟ್ಟನೆ ಕಿಟಕಿಯಿಂದ ಮುಂದಕ್ಕೆ ಬಾಗಿ, ಏನೋ ಅಂದಳು. ಇಂಜಿನ್ ಸದ್ದಿನಲ್ಲಿ ಕೇಳಿಸಲಿಲ್ಲ.

"ಏನ್ರವ್ವ?" ಅಂತ ಮರಿತಾಯಮ್ಮ ಕೂಗಿದಳು. ನಾಲ್ಕು ಹೆಜ್ಜೆ ಬಸ್ಸಿನ ಜೊತೆ ಓಡಿದಳು. ಬಸ್ಸು ನಿಲ್ಲಲಿಲ್ಲ. ಧೂಳು ಇಳಿಯುವವರೆಗೂ ರಸ್ತೆಯ ನಡುವೆ ನಿಂತಿದ್ದು, ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಲದ ಕಡೆ ಇಳಿದಳು.